ಎಂಬತ್ತು ಕುರಿಗಳ ಮನೆ

ಬೆಳುಂಕಿ, ತಾ. ಜತ್ತ
ಗುರುವಾರ, ೧೦ ಜನವರಿ ೧೯೭೪

ಪ್ರೀತಿಯ ಅಣ್ಣಾ,

ನಮ್ಮ ಮನೆಯ ಹೆಸರು ಬಡವರ ಯಾದಿಯಿಂದ ಹೊರಗೆ ಬಿದ್ದದ್ದು ನನ್ನಿಂದ. ಸುಳ್ಳನ್ನು ನಾನೇ ಬರೆದೆ. ಇದನ್ನು ಮೊದಲು ಹೇಳದಿದ್ದರೆ ಮುಂದಿನ ಸಾಲು ಬರೆಯುವ ಧೈರ್ಯ ಬರುತ್ತಿರಲಿಲ್ಲ.

ನೀನು ಹೇಗಿದ್ದೀ? ವೈನಿಯ ಕಾಲಿಗೆ ನೆಟ್ಟಿದ್ದ ಜಾಲಿಮುಳ್ಳಿನ ಗಾಯ ಮಾಯಿತೇ? ನೀವು ಕುರಿ ತಂಗಿಸಿದ ಹೊಳೆಯ ದಂಡೆಯಲ್ಲಿ ಚಳಿ ಜಾಸ್ತಿ, ಕೂಸಿಗೆ ಕಂಬಳಿ ಎರಡು ಮಡಿಕೆ ಮಾಡಿ ಹೊದಿಸಿರಿ. ಅವ್ವನ ಕೆಮ್ಮು ಹಾಗೇ ಇದೆ. ನಮ್ಮ ತಂಗಿ ಬೀರವ್ವ ಆರು ತಿಂಗಳ ಪರೀಕ್ಷೆಯಲ್ಲಿ ವರ್ಗಕ್ಕೆ ಎರಡನೆಯವಳು. ಮರಾಠಿ ಸಾಲೆಯಲ್ಲಿ, ಮನೆಯಲ್ಲಿ ಕನ್ನಡ ಆಡುವ ಹುಡುಗಿ! "ಅಣ್ಣಗ ಮರೀದಽ ಬರಿ" ಎಂದು ಎರಡು ಸಲ ಹೇಳಿದ್ದಾಳೆ.

ಇನ್ನು ಸುದ್ದಿ. ಕಳೆದ ತಿಂಗಳು ಊರಿನ ಬಡ ಕುಟುಂಬಗಳನ್ನು ಎಣಿಸಲು ತಾಲೂಕಿನಿಂದ ಒಬ್ಬ ಸಾಹೇಬರು ಬಂದಿದ್ದರು. ಯಾದಿಯಲ್ಲಿ ಹೆಸರು ಬಂದವರಿಗೆ ಹತ್ತು ಕುರಿ ಕೊಳ್ಳಲು ಬ್ಯಾಂಕಿನ ಸಾಲ, ಮಕ್ಕಳಿಗೆ ಹೈಸ್ಕೂಲಿನ ಫೀ ಮತ್ತು ಬೋರ್ಡಿಂಗ್ ಮಾಫಿ. ಸಾಹೇಬರಿಗೆ ಕನ್ನಡ ಬಾರದು, ಹಾಗಾಗಿ ಮನೆ ಮನೆಗೆ ಜೊತೆಯಲ್ಲಿ ಹೋಗಿ ಫಾರ್ಮು ತುಂಬುವ ಕೆಲಸ ನನಗೆ ಸಿಕ್ಕಿತು. ಮಿರಜ ಸ್ಟೇಶನ್ನಿನಲ್ಲಿ ಕೊಂಡ ಎಂಟಾಣೆಯ ಪುಸ್ತಿಕೆಗಳಲ್ಲಿ ಬಡವರ ಉದ್ಧಾರದ ಬಗ್ಗೆ ಓದಿದ್ದೆಲ್ಲ ನಮ್ಮ ಊರಿಗೇ ನಡೆದು ಬಂತು ಅಂದುಕೊಂಡೆ. ಫಾರ್ಮು ನೋಡಿ ಮೈ ಉರಿಯಿತು. ತಾಮ್ರದ ಕೊಡ ಎಷ್ಟು, ಸೈಕಲ್ ಇದೆಯೇ, ದನ ಎಷ್ಟು, ಕುರಿ ಎಷ್ಟು, ಅಷ್ಟೇ. ವಾರದಲ್ಲಿ ಎಷ್ಟು ದಿನ ಬರೀ ಅಂಬಲಿ ಕುಡಿದು ಮಲಗುತ್ತೀರಿ ಎಂದು ಕೇಳಲು ಅದರಲ್ಲಿ ಜಾಗವೇ ಇಲ್ಲ. ನೆರೆಮನೆಯ ದುರಗವ್ವನ ಫಾರ್ಮಿನ ಅಂಚಿನಲ್ಲಿ ಅದನ್ನು ಪೆನ್ಸಿಲಿನಿಂದ ಬರೆದೆ. ಸಾಹೇಬರು ರಬ್ಬರು ತೆಗೆದು ಅಳಿಸಿದರು.

ನಮ್ಮ ಮನೆಯ ಸರದಿ ಬಂದಾಗ, ಬೀರವ್ವನನ್ನು ಲಗ್ನಕ್ಕೆ ಕೇಳಲು ವಳಸಂಗದಿಂದ ಬಂದವರು ಕಂಬಳಿಯ ಮೇಲೆ ಕುಳಿತಿದ್ದರು. ಅಪ್ಪ ನನಗೂ ಹೇಳದೆ ಕರೆಸಿದ್ದ. ಅವರ ಎದುರಿಗೇ ಕುರಿ ಎಷ್ಟೆಂದು ಕೇಳಬೇಕಾಯಿತು. ಅಪ್ಪ ಮೀಸೆಯ ಮೇಲೆ ಕೈಯಾಡಿಸಿ, "ಎಂಬತ್ತು ಅದಾವ್ರೀ. ಎಲ್ಲಾ ನಮ್ಮವಽ" ಅಂದ. ನಮ್ಮವು ಇಪ್ಪತ್ತಮೂರು, ಉಳಿದವು ಊರ ಸಾಹುಕಾರ ಬಾಳಾಸಾಹೇಬರವು, ಮರಿಗಳಲ್ಲಿ ಅರ್ಧ ಪಾಲಿಗೆ ನಾವು ಮೇಯಿಸುವವು ಎಂದು ನಿನಗೆ ಹೇಳಬೇಕೇ? ವಳಸಂಗದ ಮುದುಕ "ಭಾಳ ಚಲೋ ಆತು" ಎಂದು ತಲೆದೂಗಿದ. ಅಪ್ಪ ನನ್ನ ಕಡೆ ನೋಡಿದ. ಎಂಬತ್ತು ಎಂದು ಬರೆದೆ. ಮಂದಿಯ ಮನೆಯಲ್ಲಿ ಬಡತನದ ಬಗ್ಗೆ ಭಾಷಣ ಮಾಡಿದವನಿಗೆ ತನ್ನ ಮನೆಯಲ್ಲಿ ನಾಚಿಕೆ ಬಂತು.

ಅವರು ಹೋದ ಮೇಲೆ ಜಗಳ ತೆಗೆದೆ. "ಬಡವ ಅಂತ ಚಾವಡಿ ಗ್ವಾಡಿಗಿ ಹೆಸರ ಹಚ್ಚಿದ್ರ, ನನ್ನ ಮಗಳನ್ನ ಯಾವ ಮನಿಯವ್ರು ಕೇಳ್ಯಾರಲೇ?" ಅಂದ ಅಪ್ಪ. ಸೋಮವಾರ ಯಾದಿ ಚಾವಡಿಯ ಗೋಡೆಗೆ ಬಂತು. ನಮಗೆ ಸಾಲವಿಲ್ಲ, ಅಂದರೆ ಬಾಳಾಸಾಹೇಬರ ಪಾಲಿನಿಂದ ಬಿಡುಗಡೆಯೂ ಇಲ್ಲ. ಫೀ ತರಲೆಂದು ಹೆಡ್‌ಮಾಸ್ತರರು ಬೀರವ್ವನನ್ನು ಮನೆಗೆ ಕಳಿಸಿದ್ದಾರೆ. ಕಟ್ಟದಿದ್ದರೆ ಹೋಳಿಯೊಳಗೆ ಲಗ್ನ ಮುಗಿಸುವುದು ಅಪ್ಪನ ಲೆಕ್ಕ. ಅವಳೋ ನಿನ್ನೆ ಭೂಗೋಳದ ಪುಸ್ತಕಕ್ಕೆ ಹೊಸ ಹೊದಿಕೆ ಹಾಕಿ ದುರಗವ್ವನ ಮಗಳಿಗೆ ಕೊಟ್ಟಳು.

ಬಾಳಾಸಾಹೇಬರು ಸೊಸಾಯಟಿಯ ಚೇರ್ಮನ್ನರಲ್ಲವೇ, ನಮ್ಮ ಫಾರ್ಮನ್ನು ತರಿಸಿ ಓದಿದ್ದಾರೆ. ಕಟ್ಟೆಯ ಮೇಲೆ ನನ್ನನ್ನು ಕೂಡಿಸಿ, ಚಹಾ ಕೊಡಿಸಿ, "ಏನಪಾ ಪುಢಾರಿ, ನನ್ನ ಕುರಿ ನಿಮ್ಮಪ್ಪಗ ಯಾವಾಗ ಮಾರಿದ್ನೆಪಾ? ನನಗಽ ನೆನಪಿಲ್ಲ ನೋಡು" ಅಂದರು. ಕುಳಿತವರೆಲ್ಲ ನಕ್ಕರು. ಅವರು ನಗಲಿಲ್ಲ. "ಸಂಕ್ರಮಣ ಆಗ್ಲಿ, ಎಣಿಸ್ಕೊಂಡ ಬರ್ತೀವಿ." ಅಂದಿನಿಂದ ಅವರ ಆಳುಗಳು ದಿನಕ್ಕೆರಡು ಸಲ ನಮ್ಮ ಬಾಗಿಲ ಮುಂದೆ ಬಂದು ನಿಲ್ಲುತ್ತಾರೆ. ಅವ್ವ ಹಿತ್ತಲಿನಿಂದ ನೀರಿಗೆ ಹೋಗುತ್ತಾಳೆ.

ಬುಧವಾರ ಜತ್ತದಲ್ಲಿ ಯಾದಿಯ ತಕರಾರು ಕೇಳುತ್ತಾರೆ. ಸುಳ್ಳು ಬರೆದವನು ನಾನೆಂದು ತಹಸೀಲ್ದಾರರ ಮುಂದೆ ಒಪ್ಪಿಕೊಳ್ಳುತ್ತೇನೆ. ವಳಸಂಗದವರು ಬಿಟ್ಟು ಹೋಗಲಿ, ಅಪ್ಪ ನನ್ನನ್ನು ಮನೆಯಿಂದ ಹೊರಗೆ ಹಾಕಲಿ, ಬೀರವ್ವ ಮಾತ್ರ ಸಾಲೆ ಬಿಡಬಾರದು. ಆದರೆ ಒಮ್ಮೆ ಸುಳ್ಳು ಬರೆದವನ ಮಾತನ್ನು ಯಾರು ನಂಬುತ್ತಾರೆ? ಕುರಿ ಕಾಯುವವನು ನೀನು. ನಿನ್ನ ಮಾತು ಬೇಕು.

ವೈನಿಗೆ ನಮಸ್ಕಾರ ಹೇಳು. ಕೂಸಿನ ಗಲ್ಲಕ್ಕೆ ಈ ಕಾಕಾನ ಮುತ್ತು. ಬೀರಪ್ಪ ನಿಮ್ಮನ್ನು ಕಾಯಲಿ.

ನಿನ್ನ ತಮ್ಮ,
ಲಗಮಣ್ಣ

ತಾ.ಕ.: ಪತ್ರ ಮಡಚುವಷ್ಟರಲ್ಲಿ ಬೀರವ್ವ ಆಳುಗಳ ಮಾತು ಕೇಳಿ ಓಡಿ ಬಂದಳು. ಬಾಳಾಸಾಹೇಬರು ಸಂಕ್ರಮಣದವರೆಗೆ ಕಾಯುವುದಿಲ್ಲ. ನಾಳೆ ಬೆಳಿಗ್ಗೆ ನಿನ್ನ ಕಡೆಗೆ ಎರಡು ಖಾಲಿ ಲಾರಿ ಹೊರಡುತ್ತವೆ. ಅವರ ಐವತ್ತೇಳು ಕುರಿಗೆ ಒಂದು ಸಾಕು, ಅಣ್ಣಾ. ಟಪಾಲಿನ ಮೇಲೆ ನಂಬಿಕೆ ಇಲ್ಲದೆ ಇದನ್ನು ಓಣಿಯ ಕಾಳಪ್ಪನ ಕೈಯಲ್ಲಿ ಈಗಿನ ಎಸ್.ಟಿ. ಬಸ್ಸಿಗೆ ಕಳಿಸುತ್ತಿದ್ದೇನೆ. ಮುಟ್ಟಿದ ಕೂಡಲೇ ಕಿವಿಯ ಗುರುತು ನೋಡಿ ನಮ್ಮ ಇಪ್ಪತ್ತಮೂರನ್ನು ಬೇರೆ ಮಾಡು. ಕುರಿ ನಿಲ್ಲಿಸಿದ ಹೊಲದ ಧಣಿಯ ಎದುರಿಗೆ ಎರಡೂ ಹಿಂಡನ್ನು ಎಣಿಸಿ ಅವರಿಂದ ಸಹಿ ಮಾಡಿದ ಚೀಟಿ ತಗೋ. ನಮ್ಮವನ್ನು ಹೊಡೆದುಕೊಂಡು ವೈನಿ ಇಂದು ರಾತ್ರಿಯೇ ತವರಿಗೆ ಹೋಗಲಿ. ಬಾಳಾಸಾಹೇಬರವನ್ನು ಅವರ ಆಳುಗಳಿಗೆ ಒಪ್ಪಿಸು, ಒಂದು ಮಾತನ್ನೂ ಬೆಳೆಸಬೇಡ, ಒಬ್ಬನೇ ನಿಲ್ಲಬೇಡ. ಚೀಟಿಯೊಂದಿಗೆ ಬಾ. ಜತ್ತದ ತಹಸೀಲ ಕಚೇರಿಯ ಬಾಗಿಲಲ್ಲಿ ನಾನಿರುತ್ತೇನೆ: ಬುಧವಾರ, ಹದಿನಾರನೇ ತಾರೀಖು, ಬೆಳಿಗ್ಗೆ ಹನ್ನೊಂದು ಗಂಟೆಗೆ.