ಕಾಯಿ ಅಲ್ಲಾಡಿಸಿದ ಅಳಿಯ

ಯಮುನಾ, ನೀನು ಹೋಗಿ ವರ್ಷ ಆದ್ರೂ ನಿನ್ನ ನಂಬರ್ ಅಳಿಸಿಲ್ಲ ಕಣೇ. ಇದನ್ನ ಕಳ್ಸಲ್ಲ, ಸುಮ್ನೆ ಮಾತಾಡ್ತಿದೀನಿ.

ನಮ್ಮ ವನಿತಾ ಗಂಡ ಇಮ್ತಿ ಬಂದಿದಾನೆ, ಅದೇ ನಾಗಾಲ್ಯಾಂಡಿನೋನು. ಬೆಂಗಳೂರಲ್ಲಿ ಅವರ ಬಿಲ್ಡಿಂಗ್‌ನಲ್ಲಿ ಒಡಿಶಾದೋರು, ಕೇರಳದೋರು, ನೇಪಾಳದೋರು ಎಲ್ಲಾ ಇದಾರೆ, ಯಾರೂ ಯಾರನ್ನೂ ತಿರುಗಿ ನೋಡಲ್ಲ. ನಮ್ಮ ನೊಣವಿನಕೆರೇಲಿ ಎಲ್ರೂ ನೋಡ್ತಾರೆ. ಅವ್ನು ಯಾರು ಅಂತ ಊರಿಗಿನ್ನೂ ಹೇಳಿರ್ಲಿಲ್ಲ.

ಕೊಬ್ಬರಿ ಆಗಿದ್ರೆ ಅಲ್ಲಾಡಿಸಿದಾಗ ಕಾಯೊಳಗೆ ಗುಡುಗುಡು ಅನ್ನುತ್ತೆ ಅಂತ ಅವನಿಗೆ ನಾನೇ ಹೇಳ್ಕೊಟ್ಟಿದ್ದೆ. ಬೆಳಗ್ಗೆ ಪಕ್ಕದ್ಮನೆ ದಾಸಣ್ಣ ಅಟ್ಟದಿಂದ ಇಳಿಸಿ ರಾಶಿ ಹಾಕಿದ್ನಲ್ಲ, ಇಮ್ತಿ ಅದ್ರಲ್ಲೊಂದು ಎತ್ಕೊಂಡು ಕಿವಿ ಹತ್ರ ಅಲ್ಲಾಡಿಸ್ತಿದ್ದ. "ಕಳ್ಳ ಕಣ್ರೋ!" ಅಂತ ಜನ ಮುತ್ಕೊಂಡ್ರು. ಒಬ್ಬನ ಕೈಲಿ ಮಚ್ಚು.

ಓಡಿದೆ. "ಯಾರ್ಲಾ ಇವ್ನು? ನಿನ್ ತೋಟದ ಕೂಲಿಯೋನಾ?" ಅಂದ ದಾಸಣ್ಣ. ಮಚ್ಚು ನೋಡ್ತಾ "ಹೂಂ ಕಣ್ಲಾ, ಬುಡು" ಅಂದೆ. ಬುಟ್ರು.

ಇಮ್ತಿಗೆ ಕನ್ನಡ ಬರುತ್ತೆ. ನಿನ್ ಮಗಳೇ ಕಲ್ಸಿದಾಳೆ.

ಈಗ ನಮ್ಮ ಅಂಗಳ ಗುಡಿಸ್ತಿದಾನೆ. "ಬುಡಪ್ಪ, ಕೂತ್ಕೋ" ಅಂದೆ. "ಪರವಾಗಿಲ್ಲ ಸಾರ್" ಅಂದ.

ಸಂಜೆ ಬಸ್ಸಿಗೆ ವನಿತಾ ಬತ್ತಾಳೆ. ಬಸ್ಸಿನ ಸದ್ದಾದ್ರೆ ಸಾಕು, ಎದ್ದು ಬಾಗ್ಲಿಗೆ ಹೋಗಿ ನೋಡ್ತಿದೀನಿ. ಬೆಳಗ್ಗೆವರೆಗೂ ಅವ್ನು ನನ್ನ ಮಾವ ಅಂತಿದ್ದ ಕಣೇ.