ಪಕ್ಕದ ಜಾಗ

ವಿದ್ಯಾರ್ಥಿನಿ ನಿಲಯ, ಅಲಬಾಮ

ಪ್ರೀತಿಯ ಅಪ್ಪನಿಗೆ,

ಇಂದು ಸೆಪ್ಟೆಂಬರ್ ಇಪ್ಪತ್ತೆರಡು, ಸೋಮವಾರ. ಮುಂದಿನ ತಿಂಗಳ ಫುಟ್‌ಬಾಲ್ ಪಂದ್ಯದ ನಡುವಿನ ವಿರಾಮದಲ್ಲಿ, ತರಗತಿಗೆ ಮೊದಲಿಗಳೆಂದು ವಿಶ್ವವಿದ್ಯಾಲಯ ನನ್ನನ್ನು ಮೈದಾನದ ಮಧ್ಯದಲ್ಲಿ ಗೌರವಿಸುವಾಗ, ಜೊತೆಗೆ ನಿಮ್ಮನ್ನು ಕರೆದೊಯ್ಯಬೇಕೆಂದು ಕೇಳಿದ್ದೀರಿ. ಅದಕ್ಕೆ ಉತ್ತರಿಸುವುದಷ್ಟೇ ಈ ಪತ್ರದ ಉದ್ದೇಶ.

ಆ ಹುಲ್ಲಿನ ಮೇಲೆ ಒಮ್ಮೆ ಕಾಲಿಡಬೇಕೆಂಬುದು ನಿಮ್ಮ ಜೀವಮಾನದ ಆಸೆಯೆಂದು ಬಲ್ಲೆ. ಇಲ್ಲಿ ಒಂದು ದಿನವೂ ಓದದ ನೀವು, ಇಲ್ಲಿನ ಫುಟ್‌ಬಾಲ್ ತಂಡ ಗೆದ್ದಾಗಲೆಲ್ಲ ಟೈರ್ ಅಂಗಡಿಯಲ್ಲಿ ನಿಂತು ‘ನಾವು ಗೆದ್ವಿ’ ಎನ್ನುತ್ತೀರಿ. ಇಲ್ಲಿಯೇ ಓದುವ ನನ್ನ ಬಾಯಿಗೆ ಆ ‘ನಾವು’ ಇನ್ನೂ ಬಂದಿಲ್ಲ. ನಮ್ಮೂರಿನ ಸಣ್ಣ ಬೇಸ್‌ಬಾಲ್ ತಂಡವನ್ನು ಮಾತ್ರ ‘ನಿಮ್ಮವರು’ ಎಂದೇ ಕರೆದಿರಿ. ಅಲ್ಲಿ ಆಟದ ನಡುನಡುವೆ ಪ್ರೇಕ್ಷಕರಿಗಾಗಿ ಆರ್ಗನ್ ವಾದ್ಯ ನುಡಿಸುತ್ತಿದ್ದವರು ನಿಮ್ಮ ತಂದೆ.

ಆ ತಂಡದಲ್ಲಿ ಚೆನ್ನಾಗಿ ಆಡಿದವನನ್ನು ದೊಡ್ಡ ತಂಡದವರು ಪಂದ್ಯಾವಳಿಯ ನಡುವಿನಲ್ಲಿಯೇ ಕರೆಸಿಕೊಳ್ಳುತ್ತಾರೆ. ಹಾಗೆ ಹೊರಟ ಪ್ರತಿಯೊಬ್ಬನಿಗೂ ಅಜ್ಜ ಬೀಳ್ಕೊಡುಗೆಯ ಒಂದು ರಾಗ ನುಡಿಸಿ ಜನರಿಂದ ಚಪ್ಪಾಳೆ ಕೊಡಿಸುತ್ತಿದ್ದರು. ‘ಇವತ್ತಿದ್ದು ನಾಳೆ ಗಂಟುಮೂಟೆ ಕಟ್ಟೋ ಹುಡುಗರಿಗೆ ಎಂಥ ಚಪ್ಪಾಳೆನಪ್ಪಾ?’ ಎಂದು ನೀವು ಛೇಡಿಸಿದಾಗ, ‘ಹೋಗೋರಿಗೇ ಕಣೋ ಚಪ್ಪಾಳೆ ಬೇಕಾಗೋದು. ಇರೋರಿಗೆ ಊಟ ಹಾಕಿದ್ರೆ ಸಾಕು’ ಎಂದು, ಬೇಯಿಸಿದ ಕಡಲೆಕಾಯಿಯ ಪೊಟ್ಟಣವನ್ನು ನಿಮ್ಮತ್ತ ತಳ್ಳಿದ್ದರು.

ತಂಡ ಬೇರೆ ಊರಿನ ಪಾಲಾಗುವ ಮುನ್ನ, ಇದೇ ತಿಂಗಳ ಹದಿಮೂರರ ಶನಿವಾರ, ಅದರ ಕೊನೆಯ ಪಂದ್ಯ. ‘ಬಂದೇ ಬರ್ತೀನಿ ಕಣಮ್ಮ, ಫುಟ್‌ಬಾಲ್ ಎಲ್ಲಿಗೆ ಓಡಿಹೋಗುತ್ತೆ?’ ಎಂದಿದ್ದಿರಿ. ಅಜ್ಜ ಪಕ್ಕದ ಕುರ್ಚಿಯ ಮೇಲೆ ತಮ್ಮ ಟೋಪಿಯನ್ನಿಟ್ಟು ಯಾರನ್ನೂ ಕೂರಗೊಡಲಿಲ್ಲ. ಕೊನೆಗೆ ಇಡೀ ತಂಡಕ್ಕಾಗಿ ಆ ರಾಗ ನುಡಿಸಬೇಕಾದಾಗ ಅವರು ಆರ್ಗನ್ನಿನ ಮುಂದಿನಿಂದ ಎದ್ದು ನನ್ನನ್ನು ಕೂರಿಸಿದರು. ನುಡಿಸಿದವಳು ನಾನು. ನನ್ನ ಫೋನು ಅವರ ಕೈಯಲ್ಲಿತ್ತು. ಫುಟ್‌ಬಾಲ್ ನೋಡಿ ಮುಗಿಸಿ ಕರೆ ಮಾಡಿ, ನಾನೆಂದೇ ಭಾವಿಸಿ ನೀವು ಕೂಗಿದ್ದು ಆರ್ಗನ್ನಿನ ಸದ್ದಿನಲ್ಲಿಯೂ ನನಗೆ ಕೇಳಿಸಿತು: ‘ನಾವು ಗೆದ್ವಿ ಕಣೇ! ನಿಮ್ಮವರು ಏನಾದ್ರು?’

‘ಹೌದೇನೋ ಮಗನೇ? ಒಳ್ಳೇದಾಯ್ತು ಬಿಡು’ ಎಂದರು ಅಜ್ಜ. ಆಮೇಲೆ ಟೋಪಿಯನ್ನೆತ್ತಿ ತಲೆಗಿಟ್ಟುಕೊಂಡರು.

ಮೈದಾನದಲ್ಲಿ ನನ್ನ ಜೊತೆ ನಿಲ್ಲಲು ಒಬ್ಬರಿಗಷ್ಟೇ ಅವಕಾಶ. ಆ ಜಾಗ ಖಾಲಿಯಾಗಿಯೇ ಇರುತ್ತದೆ.

ನಿಮ್ಮ ಮಗಳು,
ಕೊರಿನ್

ಮರೆತ ಮಾತು: ನಿನ್ನೆ ಅಜ್ಜ ಕರೆ ಮಾಡಿದ್ದರು. ‘ಅವನಿಗೆ ಆ ಹುಲ್ಲು ಅಂದ್ರೆ ಪ್ರಾಣ. ನನಗೋಸ್ಕರ ಕರ್ಕೊಂಡು ಹೋಗೇ ತಾಯಿ’ ಎಂದು ಬೇಡಿಕೊಂಡರು. ಅವರಿಗೂ ಇದನ್ನೇ ಹೇಳಿದೆ: ಕರೆದೊಯ್ಯುವುದಿಲ್ಲ.