ಕೊಕ್ಕರೆಕಲ್ಲು ಕಾಣದ ಮುನ್ನೂರ ಹನ್ನೆರಡು ಫೋಟೊಗಳು

ಹಂದೆಕೋಡಿ ಅಳಿವೆ,
ಕಡಲೇರಿದ ತೊಂಬತ್ತನಾಲ್ಕನೆಯ ವರ್ಷ, ಎರಡನೆಯ ಆಷಾಢದ ಒಂಬತ್ತನೆಯ ಇಳಿತ

ಮುತ್ತಜ್ಜ ದಯಾಕರ ಮರಕಾಲರಿಗೆ,

ನಮಸ್ಕಾರ ಬರೆಯಲು ಕೈ ಬರುತ್ತಿಲ್ಲ, ಆದ್ದರಿಂದ ಬರೆದಿಲ್ಲ. ನಾನು ನಿಮ್ಮ ಮರಿಮಗಳ ಮೊಮ್ಮಗಳು, ಸಿಂಗಾರಿ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಕ್ಷಮೆ ಕೇಳುವುದು ಇದೊಂದಕ್ಕೇ.

ಈ ಹಸಿರು ಕಾಗದವನ್ನು ನಾವು ಪಾಚಿಹಾಳೆ ಎನ್ನುತ್ತೇವೆ. ಬಿದಿರು, ಹುಲ್ಲು ಎಲ್ಲ ಮುಗಿದ ಮೇಲೆ ಕಡಲ ಪಾಚಿಯನ್ನು ಬಡಿದು ಒಣಗಿಸಿ ಮಾಡುವುದು. ಮೂಲೆಯಲ್ಲಿ ಮೀನಿನ ಕಣ್ಣಿನಷ್ಟು ದೊಡ್ಡ ತೂತು ಇದೆಯಲ್ಲ, ಅದು ಹಿನ್ನೋಲೆಯ ಗುರುತು. ಹಿನ್ನೋಲೆ ಎಂದರೆ ಹಿಂದಿನವರಿಗೆ ಬರೆಯುವ ಕಾಗದ. ಹಾಕಿಸಿದ ತಾರೀಖಿನ ದಿನ ಅಂಚೆಯವರು ಅದನ್ನು ಅವರ ಕಾಲಕ್ಕೇ ತಲುಪಿಸುತ್ತಾರೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಹಾಳೆ ಸಿಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ತೀರಿಹೋದ ತಾಯಿಗೆ ಬರೆಯುತ್ತಾರೆ. ನನಗೂ ಅಮ್ಮನಿಗೆ ಹೇಳುವುದು ಬೇಕಷ್ಟಿತ್ತು. ಅದನ್ನೆಲ್ಲ ನುಂಗಿಕೊಂಡು ನಿಮಗೆ ಬರೆಯುತ್ತಿದ್ದೇನೆ ಎಂದರೆ ನನ್ನ ಹೊಟ್ಟೆ ಎಷ್ಟು ಉರಿದಿರಬೇಕು, ನೀವೇ ಯೋಚಿಸಿ.

ನಮ್ಮ ಊರು ಈಗ ಕಂಬಗಳ ಮೇಲಿದೆ. ನಲವತ್ತು ಮನೆ. ಉಬ್ಬರದಲ್ಲಿ ಅಡುಗೆಮನೆಯ ಹಲಗೆಗಳ ಕೆಳಗೆ ನೀರು ಸದ್ದು ಮಾಡುತ್ತದೆ, ಇಳಿತದಲ್ಲಿ ಮಕ್ಕಳು ಏಣಿ ಇಳಿದು ಕೆಸರಿನಲ್ಲಿ ಮಳಿ ಚಿಪ್ಪು ಹೆಕ್ಕುತ್ತಾರೆ. ಕುಡಿಯುವ ನೀರಿಗೆ ಮಾಡಿನ ಮೇಲೆ ಮಂಜುಬಲೆ ಕಟ್ಟಿದ್ದೇವೆ, ಬೆಳಗ್ಗೆ ಅದನ್ನು ಹಿಂಡಿ ತಂಬಿಗೆ ತುಂಬಿಸುವುದು ನನ್ನ ಕೆಲಸ. ಗಂಜಿ ಇದೆ, ಉಪ್ಪಿನಕಾಯಿ ಇದೆ. ಮೀನೊಂದಿಲ್ಲ. ಮೊಗವೀರರ ಮನೆಯಲ್ಲಿ ಮೀನಿಲ್ಲ! ನೀವು ಗರಿ ಮತ್ತು ನೂಲು ಸುತ್ತಿದ ಗಾಳವನ್ನು ಬಾರುಕೋಲಿನ ಹಾಗೆ ಬೀಸಿ ಹಿಡಿಯುತ್ತಿದ್ದ ಕುರುಡಿ ಮೀನು ಈ ಕರಾವಳಿಯಿಂದಲೇ ಅಳಿದು ಅರವತ್ತು ವರ್ಷವಾಯಿತು.

ಈಗ ಅದರ ಮರಳಿಕೆ ನಡೆಯಲಿದೆ. ಅಳಿದ ಜೀವವನ್ನು ಮತ್ತೆ ಹುಟ್ಟಿಸಿ, ಅದು ಹಿಂದೆ ಬಾಳಿದ ನೀರಿಗೇ ಬಿಡುವುದಕ್ಕೆ ಹಾಗೆನ್ನುತ್ತಾರೆ. ಮರಿಗಳಿರುವುದು ಒಂದೇ ಅಳಿವೆಗೆ ಸಾಲುವಷ್ಟು. ಮೀನು ಸಿಕ್ಕ ಊರಿನವರು ಕಾವಲಿಗೆಂದು ಅಲ್ಲೇ ಉಳಿಯಬಹುದು. ಸಿಗದ ಊರನ್ನು ಕಂಬ ಸಮೇತ ಕಿತ್ತು ಘಟ್ಟದ ಮೇಲಕ್ಕೆ ಸಾಗಿಸುತ್ತಾರೆ. ಮೀನು ಇಲ್ಲೇ ಇತ್ತು ಎಂಬುದಕ್ಕೆ ನಾವು ಸಾಕ್ಷಿ ಕೊಡಬೇಕು. ನಾಡಿದ್ದು ಮಧ್ಯಾಹ್ನ ವಿಚಾರಣೆ.

ಸಾಕ್ಷಿಗೇನು ಬರ ಎಂದು ನಾವು ಬೀಗಿದ್ದೆವು. ನಿಮ್ಮ ಆಲ್ಬಮ್ ಇತ್ತಲ್ಲ! ಪ್ಲಾಸ್ಟಿಕ್ ಹೊದಿಸಿದ ಮುನ್ನೂರ ಹನ್ನೆರಡು ಫೋಟೊ. ನೀವು ಗಾಳ ಬೀಸುತ್ತಿದ್ದದ್ದು ಕೊಕ್ಕರೆಕಲ್ಲಿನ ಎದುರಿಗೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾ ಬಂದಿದ್ದಾರೆ. ಆ ಕಲ್ಲು ಇವತ್ತಿಗೂ ನೀರಿನ ಮೇಲೆ ತಲೆ ಎತ್ತಿ ನಿಂತಿದೆ. ಮೀನಿನ ಹಿಂದೆ ಆ ಕಲ್ಲು ಒಂದೇ ಒಂದು ಫೋಟೊದಲ್ಲಿ ಕಂಡರೆ ಸಾಕಿತ್ತು.

ಒಂದರಲ್ಲೂ ಇಲ್ಲ. ಕೆಲವುಗಳಲ್ಲಿ ಅಂಚು ಕತ್ತರಿಸಿದ್ದೀರಿ. ಕೆಲವುಗಳಲ್ಲಿ ಹಿಂದಿನದನ್ನೆಲ್ಲ ಮಸುಕು ಮಾಡಿದ್ದೀರಿ. ಉಳಿದವುಗಳಲ್ಲಿ ಮೀನನ್ನು ಕ್ಯಾಮೆರಾದ ಮೂತಿಗೆ ಚಾಚಿ, ಎರಡು ಮೊಳದ್ದನ್ನು ನಾಲ್ಕು ಮೊಳ ಮಾಡಿ, ಅದರ ಹಿಂದೆ ಹಲ್ಲು ಕಿರಿದು ನಿಂತಿದ್ದೀರಿ. ಅಡಿಯಲ್ಲಿ ಪ್ರತಿ ಸಲವೂ ಅದೇ ಬರಹ: ‘ಹಿಡಿದು ಬಿಟ್ಟೆ. ಜಾಗ ಕೇಳಬೇಡಿ.’ ಎಷ್ಟು ಹೊತ್ತು ಹಿಡಿದು ಬಿಟ್ಟಿರಿ ಎಂದು ಬರೆದಿಲ್ಲ. ನಿಮ್ಮ ಮುಖ ಚೆನ್ನಾಗಿ ಬರುವವರೆಗೆ ಆ ಮೀನು ಉಸಿರಿಲ್ಲದೆ ಬಾಯಿ ಬಿಡುತ್ತಿತ್ತು ಎಂದು ಅದರ ಕಣ್ಣೇ ಹೇಳುತ್ತದೆ.

ಪರೀಕ್ಷಿಸಲು ಬಂದ ಅಧಿಕಾರಿ ಪುಟ ಮಗುಚುತ್ತಾ ಹೋದರು. ಕೊನೆಗೆ, “ಮೀನ್ ಕಾಣತ್ತ್, ಹೊಳಿ ಕಾಂತಿಲ್ಲ ಅಲ್ದಾ?” ಎಂದರು, ಪಾಪ, ಮೆತ್ತಗೇ. ಪಕ್ಕದ ಮನೆಯ ಚಿಕ್ಕು ಅಜ್ಜಿ ಮೆತ್ತಗೆ ಹೇಳುವವರಲ್ಲ. “ನಿನ್ನ ಅಜ್ಜಯ್ಯಂಗೆ ಮೀನ್ ಬೇಕಿತ್ತಾ, ಮುಸುಡಿ ತೋರ್ಸುದ್ ಬೇಕಿತ್ತಾ?” ಎಂದು ಎಲ್ಲರೆದುರೇ ಕೇಳಿದರು. ನಿಮ್ಮದೇ ಊರಿನ ಬೀಸುಬಲೆಯವರು ಜಾಗ ಕಂಡುಹಿಡಿದಾರು ಎಂಬ ಹೆದರಿಕೆ ನಿಮಗೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವರು ನೀವು, ಉಣ್ಣುವವರು ನಾವು.

ನಿಮ್ಮ ಕೊನೆಯ ಫೋಟೊದ ದಿನ ಬೆಳಗ್ಗೆ ಈ ಕಾಗದ ನಿಮ್ಮ ಕೈ ಸೇರುವಂತೆ ತಾರೀಖು ಹಾಕಿಸಿದ್ದೇನೆ. ಕೇಳುವುದು ಇಷ್ಟೇ. ಇವತ್ತು ಮೀನು ಸಿಕ್ಕಿದ ಮೇಲೆ ಅದನ್ನು ನೀರಲ್ಲೇ ಇರಲು ಬಿಡಿ. ಮೊಬೈಲ್ ಸ್ಟ್ಯಾಂಡನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ಇಡಿ. ಕಲ್ಲು ಕಾಣಲಿ. ನೀವು ಕಾಣದಿದ್ದರೂ ನಡೆಯುತ್ತದೆ.

ಇಷ್ಟು ಬರೆದು, ಆ ಕೊನೆಯ ಫೋಟೊ ಇನ್ನೊಮ್ಮೆ ನೋಡೋಣವೆಂದು ಆಲ್ಬಮನ್ನು ಈ ಹಾಳೆಯ ಪಕ್ಕ ತೆರೆದಿಟ್ಟೆ. ಮೀನು ಚೌಕಟ್ಟು ತುಂಬಿದೆ. ಕಲ್ಲಿಲ್ಲ. ನಿಮ್ಮ ಅಂಗಿಯ ಜೇಬಿನಿಂದ ಮಡಚಿದ ಹಸಿರು ಕಾಗದದ ಮೂಲೆಯೊಂದು ಇಣುಕುತ್ತಿದೆ. ಅದರಲ್ಲಿ ಮೀನಿನ ಕಣ್ಣಿನಷ್ಟು ದೊಡ್ಡ ತೂತು. ಚಿಕ್ಕಂದಿನಿಂದ ಅದನ್ನು ಯಾವುದೋ ಎಲೆಯೆಂದೇ ತಿಳಿದಿದ್ದೆ.

ಅಂದರೆ ಕಾಗದ ತಲುಪಿದೆ. ಓದಿದ್ದೀರಿ. ಓದಿ, ಮಡಚಿ ಜೇಬಿಗಿಟ್ಟು, ಆಮೇಲೂ ಕಲ್ಲನ್ನು ಮುಚ್ಚಿ ನಿಂತಿದ್ದೀರಿ! ಥೂ ನಿಮ್ಮ!

ಹಾಳೆಯನ್ನು ಹರಿದು, ಅಮ್ಮನಿಗೆ ಬರೆಯಲು ಬೇರೆ ಕೊಡಿ ಎಂದು ಅಂಚೆಯವರ ಕಾಲು ಹಿಡಿಯೋಣವೆಂದು ಒಂದು ಗಳಿಗೆ ಅನಿಸಿತು. ಆಮೇಲೆ ಆಲ್ಬಮನ್ನು ಮೊದಲಿಂದ ತಿರುವಿ ಹಾಕಿದೆ. ಮುನ್ನೂರ ಹನ್ನೊಂದು ಫೋಟೊಗಳಲ್ಲೂ ನೀವು ಹಲ್ಲು ಕಿರಿದಿದ್ದೀರಿ. ಆ ಕೊನೆಯದರಲ್ಲಿ ಮಾತ್ರ ಇಲ್ಲ. ತುಟಿ ಒಣಗಿದೆ, ಕಣ್ಣು ಎಲ್ಲೋ ಇದೆ.

ಅಷ್ಟಕ್ಕಾದರೂ ಇದನ್ನು ಅಂಚೆಗೆ ಹಾಕುತ್ತೇನೆ.

ಸಿಂಗಾರಿ